ನಾಲ್ಕು ಹೆಬ್ಬೆರಳಿನ ರೆಕ್ಕೆ

ಮೊನ್ನೆ ಕೆಳಗಿನ ಮನೆಯವರು ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕಲು ಮೈದಾ ಅಂಟು ಕಾಯಿಸುತ್ತಿದ್ದರು. ಆ ಸಪ್ಪೆ ವಾಸನೆ ಮೆಟ್ಟಿಲು ಹತ್ತಿ ಬಂತು. ನ್ಯಾಮತಿ ಊರಿನಲ್ಲಿದ್ದಾಗಿನ ಪಕ್ಕದ ಮನೆ ಅಕ್ಕ ನೆನಪಾದರು. ನೆನಪಾದರು ಎಂದರೆ ಮುಖವಲ್ಲ. ನೀರು ತುಂಬಿ ಉಬ್ಬಿದ ಎರಡು ಕೆನ್ನೆ, ಅಷ್ಟೇ. ಮುಖವನ್ನು ಆಮೇಲೆ ನಾನೇ ಸೇರಿಸಿಕೊಂಡಿರಬೇಕು...

ಎಪ್ಪತ್ತರ ದಶಕದ ಕೊನೆ. ನನಗೆ ಅಲ್ಲಿನ ಹೈಸ್ಕೂಲಿನಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಅಕ್ಕನ ಗಂಡ ಅದೇ ಶಾಲೆಯ ಕ್ರಾಫ್ಟ್ ಮೇಷ್ಟ್ರು. ಅವರಿಗೆ ವಿಮಾನದ ಹುಚ್ಚು. ಎಂಜಿನ್ ಇಲ್ಲದ, ಕೈಯಿಂದ ಎಸೆದರೆ ತೇಲಿ ಹೋಗುವ ಪುಟ್ಟ ವಿಮಾನಗಳು. ಬಿದಿರ ಸೀಳನ್ನು ಗಾಜಿನ ಚೂರಿನಿಂದ ಹೆರೆದು, ಜೋಳದ ದಂಟಿನ ಬೆಂಡು ಸೇರಿಸಿ ಹಂದರ ಕಟ್ಟುವುದು ಅವರ ಕೆಲಸ. ಅದಕ್ಕೆ ಕಾಗದ ಹೊದಿಸುವುದು ಅಕ್ಕನದು. ಹೊಸ ಸೀರೆಯ ಮಡಿಕೆಯೊಳಗೆ ಇಟ್ಟಿರುತ್ತಾರಲ್ಲ, ಆ ತೆಳು ಕಾಗದ. ಹೊನ್ನಾಳಿಯ ಬಟ್ಟೆ ಅಂಗಡಿಯವರು ತೆಗೆದಿಡುತ್ತಿದ್ದರಂತೆ. ಸೀರೆ ಬಿಟ್ಟು ಕಾಗದ ಒಯ್ಯುವ ಗಿರಾಕಿ ನೀವೊಬ್ಬರೇ ಎಂದು ಅವರು ಹಂಗಿಸಿದ್ದನ್ನು ಅಕ್ಕ ಬೀದಿಗೆಲ್ಲ ಹೇಳಿ ನಗುತ್ತಿದ್ದರು.

ಹಂದರದ ಅಂಚಿಗೆ ಮಾತ್ರ ಮೈದಾ ಅಂಟು. ಹೊದಿಸಿದಾಗ ಕಾಗದ ಸುಕ್ಕುಸುಕ್ಕು, ಸಡಿಲ. ಅಂಟು ಒಣಗಿದ ಮೇಲೆ ಅಕ್ಕ ಬಾಯಿ ತುಂಬ ನೀರು ತುಂಬಿಕೊಂಡು, ಇಸ್ತ್ರಿ ಮಾಡುವವರು ಬಟ್ಟೆಗೆ ಊದುವ ಹಾಗೆ ಊದುತ್ತಿದ್ದರು. ನೆನೆದ ಕಾಗದ ಒಣಗುತ್ತ ಬಿಗಿಯಾಗುತ್ತದೆ, ಬಿಗಿಯಾಗುತ್ತ ಹಂದರವನ್ನೇ ಎಳೆದು ತಿರುಚುತ್ತದೆ. ಹಾಗಾಗದಂತೆ ಗಂಡ ಹೆಂಡತಿ ರೆಕ್ಕೆಯ ಎರಡು ತುದಿಗೆ ಕೂತು, ಮುಂದಿನ ಅಂಚಿಗೊಂದು ಹಿಂದಿನ ಅಂಚಿಗೊಂದು ಹೆಬ್ಬೆರಳು ಇಟ್ಟು, ಹಲಗೆಗೆ ಒತ್ತಿ ಹಿಡಿಯುತ್ತಿದ್ದರು. ಕಲ್ಲು ಹೇರಿದರೆ ಆಗದೇ ಎಂದು ಕೇಳಿದ್ದೆ. ಕಲ್ಲಿಗೆ ಎಳೆತ ತಿಳಿಯುವುದಿಲ್ಲ, ಬೆರಳಾದರೆ ಸ್ವಲ್ಪ ಬಿಟ್ಟುಕೊಡುತ್ತದೆ ಎಂದಿದ್ದರು ಮೇಷ್ಟ್ರು. ಆಮೇಲೆ, ಅಕ್ಕನ ಉಬ್ಬಿದ ಕೆನ್ನೆ ತೋರಿಸಿ, “ವಿಮಾನ ಮಾಡೋದೇ ಇದಕ್ಕೆ ಕಣ್ರೀ. ನಮ್ಮನೇಲಿ ಒಂದು ಗಳಿಗೆ ಸದ್ದು ನಿಲ್ತೈತೆ,” ಅಂದರು. ಅಕ್ಕ ಉಳಿದ ನೀರನ್ನು ಅವರ ಮೇಲೇ ಊದಿದರು. ಊದಿ ಮುಗಿದಿದ್ದೇ ತಡ ಮಾತು ಶುರು. ರೆಕ್ಕೆ ಒಣಗುವವರೆಗೂ ನಿಲ್ಲುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಮೇಷ್ಟ್ರಿಗೆ ಎದೆನೋವು ಬಂತು. ಶಿವಮೊಗ್ಗಕ್ಕೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಜಂತೆಗೆ ತೂಗುಹಾಕಿದ ಒಂದು ಹಂದರ ಬೆತ್ತಲೆಯಾಗಿ ಉಳಿಯಿತು. ತಿಂಗಳುಗಳಾದ ಮೇಲೆ ಅಕ್ಕ ಅದನ್ನು ಇಳಿಸಿದರು. “ಅವರ ಕೈಯಾಂದು ಅರ್ಧಕ್ಕೆ ನಿಂತೈತೆ. ಇದೊಂದು ನೆಟ್ಟಗೆ ಹೋಗಬೇಕು,” ಅಂದರು.

ಒಬ್ಬರೇ ಹೊದಿಸಿದರು. ಮೇಷ್ಟ್ರು ಹಿಡಿಯುತ್ತಿದ್ದ ಅತ್ತಲ ತುದಿಗೆ ಒಳಕಲ್ಲಿನ ಗುಂಡು ಹೇರಿದರು. ಶಾಲೆಯ ಬಯಲಿನಲ್ಲಿ ಎಸೆದಾಗ ಅದು ವಾಲಿ, ಸುತ್ತು ಹೊಡೆದು, ನಮ್ಮ ಬೆನ್ನ ಹಿಂದೆ ಬಿತ್ತು. ಅವರ ಬಳಿಗೇ ವಾಪಸು ಬಂತು ಎಂದು ನಾನು ಹಲವರಿಗೆ ಹೇಳಿದ್ದೇನೆ. ಅದು ಕಥೆ. ರೆಕ್ಕೆ ಸೊಟ್ಟಗಾಗಿತ್ತು, ಅಷ್ಟೇ.

ಮನೆಗೆ ಬಂದು ಅಕ್ಕ ಒದ್ದೆ ಬಟ್ಟೆ ಹಾಸಿ, ಸೀರೆಯಿಂದ ಸಂಡಿಗೆ ಬಿಡಿಸುವ ಹಾಗೆ ಕಾಗದವನ್ನೆಲ್ಲ ಬಿಡಿಸಿ ತೆಗೆದರು. ಬಿದಿರು ಒಣಗಿ ನೆಟ್ಟಗಾದ ಮೇಲೆ ಮತ್ತೆ ಹೊದಿಸಿದರು. ನೀರು ಊದುವ ಮುಂಚೆ ಗೋಡೆಯಾಚೆಯಿಂದ ನನ್ನನ್ನು ಕರೆದರು.

“ತಮ್ಮಾ, ಆ ಕಡೆ ಹಿಡ್ಕಳಪ್ಪ. ಬಲ ಹಾಕಬ್ಯಾಡ. ಅದು ಎಳೀತೈತೆ, ನಿನಗೇ ತಿಳೀತೈತೆ.”

ಮೇಷ್ಟ್ರು ಕೂರುತ್ತಿದ್ದ ಜಾಗದಲ್ಲಿ ಕೂತೆ. ಅಕ್ಕ ಊದಿದರು. ಬಾಯಿ ಖಾಲಿಯಾಯಿತು. ಮಾತು ಬರಲಿಲ್ಲ. ಕಾಗದ ಬೆರಳಡಿಯಲ್ಲಿ ಮೆಲ್ಲಗೆ ಎಳೆಯತೊಡಗಿತು... ಅದು ಒಣಗುವವರೆಗೆ ನಾವಿಬ್ಬರೂ ಹೆಬ್ಬೆರಳು ಎತ್ತಲಿಲ್ಲ. ಹೊರಗೆ ಯಾರೋ ಹಾಲಿಗೆ ಕೂಗಿದರು, ಅಕ್ಕ ತಿರುಗಲಿಲ್ಲ.

ಮರುದಿನ ಅದು ನೆಟ್ಟಗೆ ಹೋಯಿತು. ಬಯಲು ದಾಟಿ, ಬೇಲಿ ದಾಟಿ, ಎದೆಮಟ್ಟ ಬೆಳೆದ ಜೋಳದೊಳಗೆ ಇಳಿಯಿತು. ಹುಡುಕಿ ತರುತ್ತೇನೆಂದು ಹೊರಟೆ.

“ಬ್ಯಾಡ ಬಿಡಪ್ಪ,” ಅಂದರು. ಮನೆ ಕಡೆ ತಿರುಗುತ್ತ, “ಇನ್ನ ಮನೇಲಿ ಹೊದಿಸಾಕೆ ಏನೂ ಇಲ್ಲ.”

ಇಲ್ಲಿ ಅಕ್ಕ ಅತ್ತರು ಎಂದು ಬರೆದರೆ ಚೆನ್ನಾಗಿರುತ್ತದೆ. ಅಳಲಿಲ್ಲ. ಅಥವಾ ನಾನು ನೋಡಲಿಲ್ಲ.

ಮುಂದೆ ನನಗೆ ಜಗಳೂರಿಗೆ ವರ್ಗವಾಯಿತು. ಅಕ್ಕ ತೀರಿಕೊಂಡ ಸುದ್ದಿ ಸಿಕ್ಕಿದ್ದು ಬಹಳ ತಡವಾಗಿ, ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ, ಒಬ್ಬ ಹಳೆಯ ವಿದ್ಯಾರ್ಥಿಯಿಂದ. ಹೌದಾ ಎಂದೆ. ದಾವಣಗೆರೆ ಬಸ್ಸು ಹೊರಟಿತೇ ಎಂದು ಅವನನ್ನೇ ಕೇಳಿದೆ.

ಇಷ್ಟು ಬರೆಯುವಾಗಲಾದರೂ ಏನಾದರೂ ಅನ್ನಿಸೀತು ಎಂದು ಕಾದೆ. ಏನೂ ಅನ್ನಿಸುತ್ತಿಲ್ಲ. ಅಕ್ಕ ಇಲ್ಲ, ಮೇಷ್ಟ್ರು ಇಲ್ಲ. ಆ ವಿಮಾನ ನೆಟ್ಟಗೆ ಹೋಯಿತು ಎಂದು ಹೇಳಲು ಈಗ ಉಳಿದಿರುವವನು ನಾನೊಬ್ಬನೇ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.