ಒಂದು ಸ್ವರಕ್ಕೆ ಎರಡು ಸವೆತ

ಈ ಲಿಫ್ಟ್ ಮೆಕ್ಯಾನಿಕ್ ನಿಂತಲ್ಲಿ ನಿಲ್ಲುವವನಲ್ಲ, ಕೂತಲ್ಲಿ ಕೂರುವವನಲ್ಲ. ಅವನು ನುಡಿಸುವುದು ಫ್ರೆಟ್ ಇಲ್ಲದ ಬೇಸ್ ಗಿಟಾರು. ಸ್ವರ ಎಲ್ಲಿದೆಯೆಂದು ತೋರಿಸಲು ಅದರ ಮೇಲೆ ಒಂದು ಗೆರೆಯೂ ಇರುವುದಿಲ್ಲ. ಕಿವಿಯನ್ನೇ ನಂಬಿ ಬೆರಳಿಡಬೇಕು. ಹದಿನೈದು ವರ್ಷದಲ್ಲಿ ಅಂಥ ಎಂಟು ಕೊಂಡ, ಎಂಟನ್ನೂ ಮಾರಿದ. ಪ್ರತಿಯೊಂದಕ್ಕೂ ಒಂದೇ ದೂರು: "ಇದರ ಮರ ಸರಿಯಿಲ್ಲ." ಮರಕ್ಕೆ ಬಾಯಿದ್ದಿದ್ದರೆ ಜಗಳಕ್ಕೇ ನಿಲ್ಲುತ್ತಿತ್ತು.

ಕೊನೆಗೆ ಮೊದಲು ಮಾರಿದ್ದನ್ನೇ ಹುಡುಕಿಕೊಂಡು ಹೋಗಿ ವಾಪಸ್ ತಂದ. ಕಿಟಕಿಯ ಬೆಳಕಿಗೆ ಹಿಡಿದರೆ, ತಂತಿ ಒತ್ತಿ ಒತ್ತಿ ಮರದಲ್ಲಿ ಸಣ್ಣ ಸವೆತಗಳು ಬಿದ್ದಿದ್ದವು, ಒಂದೊಂದು ಸ್ವರಕ್ಕೆ ಎರಡೆರಡು. ಕಣ್ಣು ಮುಚ್ಚಿ ಬೆರಳಿಟ್ಟ. ಅದು ತಾನಾಗಿ ತನ್ನ ಹಳೆಯ ಸವೆತಕ್ಕೇ ಹೋಗಿ ಕೂತಿತು. ಶ್ರುತಿ ಅಳೆಯುವ ಟ್ಯೂನರಿನ ಮುಳ್ಳು ಸರಿಯಾದ ಸ್ವರಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಂತಿತು. ಅದನ್ನು ಇವನಿಂದ ಕೊಂಡು ನುಡಿಸಿದವನ ಸವೆತದ ಮೇಲೆ ಒತ್ತಿದರೆ ನಟ್ಟನಡುವೆ.

ಕೋಣೆಯಲ್ಲಿ ನಾಲ್ಕು ಸುತ್ತು ಹಾಕಿ, ಅಷ್ಟೂ ವರ್ಷ ತನ್ನ ತಂಡದಲ್ಲೇ ಹಾಡಿದ ಅಕ್ಕನ ಮುಂದೆ ಹೋಗಿ ನಿಂತ.

"ಅಕ್ಕಾ, ನಾನು ಮೊದಲಿಂದಲೂ ಶ್ರುತಿ ಇಳಿಸೇ ನುಡಿಸ್ತಿದ್ನಾ?"

ಅಕ್ಕ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಹೂಂ ಕಣೋ. ಅದಕ್ಕೇ ನಾನೂ ಅಷ್ಟೇ ಇಳಿಸಿ ಹಾಡ್ತಿದ್ದೆ."