ಅರ್ಧ ರೋಜಾ

ಹಳೆಯ ಬಿ.ಪಿ. ಯಂತ್ರದ ಪಟ್ಟಿಗಾಗಿ ಮೇಜಿನ ಕೆಳಗಿನ ಖಾನೆ ಕೆದಕುತ್ತಿದ್ದಾಗ ಒಂದು ಬಟ್ಟೆ ಕೈಗೆ ಬಂತು. ಬೂದು, ಕಪ್ಪು, ನೀಲಿ, ಕಂದು ಪಟ್ಟಿಗಳನ್ನು ಜೋಡಿಸಿ ಹೊಲಿದ ಚೌಕ. ಎಲ್ಲವೂ ಪ್ಯಾಂಟಿನ ಕಾಲಿನಿಂದ ಕತ್ತರಿಸಿದ ತುದಿಗಳು. ಮೂಗಿಗೆ ಹಿಡಿದೆ. ಡಾಕ್ಟರನ ಖಾನೆಯಲ್ಲಿ ಇಷ್ಟು ವರ್ಷ ಬಿದ್ದದ್ದಕ್ಕೆ ಸ್ಪಿರಿಟ್ಟಿನ ವಾಸನೆಯೇ ಬರಬೇಕಿತ್ತು. ಆದರೆ ಒಳಗಿನ ಯಾವುದೋ ಮಡಿಕೆಯಲ್ಲಿ ಜೋಳದ ರೊಟ್ಟಿಯ, ಶೇಂಗಾ ಚಟ್ನಿಯ ವಾಸನೆ... ಇತ್ತೋ, ನನ್ನ ಮೂಗೇ ಅದನ್ನು ಹುಟ್ಟಿಸಿಕೊಂಡಿತೋ. ವಯಸ್ಸಾದ ಮೂಗನ್ನು ಬಹಳ ನಂಬಬೇಡಿ ಎಂದು ರೋಗಿಗಳಿಗೆ ನಾನೇ ಹೇಳುತ್ತಿರುತ್ತೇನೆ.

ಲಿಂಗಂಪಲ್ಲಿಯ ಸ್ಟೇಷನ್ ರಸ್ತೆಯಲ್ಲಿ ನನ್ನ ಕ್ಲಿನಿಕ್ಕಿನ ಗೋಡೆಗೆ ಗೋಡೆ ತಾಗಿಸಿಕೊಂಡು ಒಂದು ಟೇಲರ್ ಅಂಗಡಿ ಇತ್ತು. ಬಟ್ಟೆ ಆ ಅಂಗಡಿಯ ಯಜಮಾನರದು. ಬೀದಿಯೆಲ್ಲ ಅವರನ್ನು ದರ್ಜಿ ಚಾಚಾ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಒಂದು ಗಾಜಿನ ಕಟ್ಟಡವನ್ನು ನೋಡಿ ಮುಗಿಸುವುದರೊಳಗೆ ಅದರ ಹಿಂದೆ ಇನ್ನೊಂದು ಏಳುತ್ತಿದ್ದ ಕಾಲ ಅದು. ಐಟಿ ಹುಡುಗರು ಶೋರೂಮಿನಲ್ಲಿ ಪ್ಯಾಂಟು ಕೊಂಡು ಉದ್ದ ಕಡಿಮೆ ಮಾಡಿಸಿಕೊಳ್ಳಲು ಚಾಚಾರ ಬಳಿ ಬರುತ್ತಿದ್ದರು. ಒಂದು ಕಾಲದಲ್ಲಿ ಮದುಮಕ್ಕಳಿಗೆ ಶೇರ್ವಾನಿ ಹೊಲಿದ ಕೈ ಅದು.

"ನೀವು ಮಂದೀದು ಕೈ ಹಿಡೀತೀರಿ, ನಾ ಕಾಲು ಕತ್ತರಸ್ತೀನಿ. ಇಬ್ರದೂ ದಂಧಾ ಛಲೋ ನಡದೈತ್ರಿ ಡಾಕ್ಟರ್ ಸಾಹೇಬ್ರ," ಎಂದು ನಗುತ್ತಿದ್ದರು.

ಪ್ಯಾಂಟು ಮೋಟು ಮಾಡಿಸಿಕೊಂಡ ಅದೇ ಹುಡುಗರು ಕುತ್ತಿಗೆ ನೋವು, ನಿದ್ದೆಯಿಲ್ಲ ಎಂದು ನನ್ನ ಬಳಿಯೂ ಬರುತ್ತಿದ್ದರು. ಆ ಕಟ್ಟಡಗಳನ್ನು ಕಟ್ಟುತ್ತಿದ್ದ ಯಾದಗಿರಿ, ಕಲಬುರಗಿ ಕಡೆಯ ಕೂಲಿ ಜನ ಸಿಮೆಂಟಿನ ಕೆಮ್ಮು ಹೊತ್ತು ಬರುತ್ತಿದ್ದರು. ಗಡ್ಡ ಬಿಟ್ಟ ಸಾಬರ ಡಾಕ್ಟರು ಕನ್ನಡದಲ್ಲಿ "ಏನಾಗೇತಿ?" ಎಂದು ಕೇಳಿದೊಡನೆ ಅವರ ಕಾಯಿಲೆಗಳು ಎರಡು ಪಟ್ಟಾಗುತ್ತಿದ್ದವು. ಕೆಮ್ಮಿಗೆಂದು ಬಂದವರು ಅತ್ತೆಯ ಸುದ್ದಿಯನ್ನೂ ಹೇಳಿ ಹೋಗುತ್ತಿದ್ದರು. ಚಾಚಾರದು ಮಾನ್ವಿ, ನನ್ನದು ಸಿಂಧನೂರು. ಇಬ್ಬರ ಮನೆಯಲ್ಲೂ ಉರ್ದು, ಬೀದಿಯಲ್ಲಿ ತೆಲುಗು, ಉಳಿದವರೊಡನೆ ಹಿಂದಿ. ಆ ಕೂಲಿ ಜನರನ್ನು ಬಿಟ್ಟರೆ ಕನ್ನಡ ನಮ್ಮಿಬ್ಬರ ನಡುವೆ ಮಾತ್ರ ಉಳಿದಿತ್ತು. ಗುಟ್ಟಿನ ಮಾತಿಗೆ ಅದು ಬಹಳ ಅನುಕೂಲವಾಯಿತು.

ಗುಟ್ಟು ಶುರುವಾದದ್ದು ಒಂದು ರಂಜಾನಿನಲ್ಲಿ. ಚಾಚಾ ಹಳೆಯ ಸಕ್ಕರೆ ರೋಗಿ, ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳುವವರು. ಕೆಲವರಿಗೆ ಔಷಧದ ಹೊತ್ತು ಬದಲಿಸಿ ರೋಜಾ ಹಿಡಿಯಲು ಒಪ್ಪುತ್ತೇನೆ. ಇವರ ಸಕ್ಕರೆ ಇವತ್ತು ಆಕಾಶ, ನಾಳೆ ಪಾತಾಳ. ಇನ್ನು ಜೀವಮಾನದಲ್ಲಿ ಉಪವಾಸ ಬೇಡ ಎಂದು ಖಡಾಖಂಡಿತವಾಗಿ ಹೇಳಿದ್ದೆ. ತಲೆಯಾಡಿಸಿದ್ದರು. ತಲೆಯಾಡಿಸುವ ರೋಗಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ರಂಜಾನಿನ ಮೊದಲ ವಾರದಲ್ಲೇ ಮಧ್ಯಾಹ್ನದ ಹೊತ್ತು ಹೊಲಿಗೆ ಯಂತ್ರದ ಮೇಲೆ ಬೆವೆತು ಬಿದ್ದರು. ಗೋಡೆಯಾಚೆ ಯಂತ್ರದ ಸದ್ದು ತಟ್ಟನೆ ನಿಂತದ್ದು ಕೇಳಿ ನಾನು ಓಡಿದೆ. ಇನ್ನೂ ನುಂಗುವಷ್ಟು ಎಚ್ಚರವಿತ್ತು, ತುಟಿಗೆ ಸಕ್ಕರೆ ನೀರು ಹಿಡಿದೆ.

ಕಣ್ಣು ಬಿಟ್ಟವರು ಮೊದಲು ಹೇಳಿದ್ದು, "ರೋಜಾ ಮುರದ್ರಿ ನೀವು."

"ಇಲ್ಲಾಂದ್ರ ನೀವೇ ಮುರದು ಬೀಳ್ತಿದ್ರಿ," ಎಂದು ಗದರಿದೆ. ಕಾಯಿಲೆಯವನಿಗೆ ರಿಯಾಯಿತಿ ಕೊಟ್ಟದ್ದು ನಾನಲ್ಲ, ಮೇಲಿನವನು. ನೀವೇಕೆ ಅವನಿಗಿಂತ ಕಟ್ಟುನಿಟ್ಟಾಗುತ್ತೀರಿ ಎಂದೆ. ಬಿಟ್ಟ ರೋಜಾಗಳ ಬದಲಿಗೆ ಹಸಿದವರಿಗೆ ಊಟ ಹಾಕಿಸಿದರೆ ಆಯಿತು. ಅದನ್ನು ಅವರ ಮಗ ಆಗಲೇ ಮಸೀದಿಯಲ್ಲಿ ಹೇಳಿ ಮಾಡಿಸಿಯೂ ಇದ್ದ. ಹಸಿದವನ ಊಟಕ್ಕೆ ವ್ಯವಸ್ಥೆಯಿತ್ತು, ತೊಂದರೆಯಿದ್ದದ್ದು ಚಾಚಾರ ಊಟಕ್ಕೇ.

ಆ ತೊಂದರೆ ಏನೆಂದು ಬಾಯಿ ಬಿಡಿಸಲು ನನಗೆ ಬಹಳ ಹೊತ್ತು ಹಿಡಿಯಿತು. ಅವರ ಪುಟ್ಟ ಮೊಮ್ಮಗಳು ಆ ವರ್ಷ ಜೀವನದ ಮೊದಲ ರೋಜಾ ಹಿಡಿದಿದ್ದಳಂತೆ. ಬೆಳಗ್ಗೆ ಅಂಗಡಿಗೆ ಹೊರಟ ಅಜ್ಜನ ಅಂಗಿ ಜಗ್ಗಿ, "ದಾದಾ, ನೀವೂ ರೋಜಾ ಅಲ್ವಾ?" ಎಂದಳಂತೆ. "ಹೌದವ್ವಾ ಅಂದುಬಿಟ್ಟೆ ರೀ," ಎಂದರು ಚಾಚಾ. "ಈಗ ಆಕಿ ಮುಂದ ಹ್ಯಾಂಗ ಉಣ್ಣಲಿ?"

ಮನೆಯಲ್ಲಿ ದೊಡ್ಡವರಿಗೆಲ್ಲ ಅವರ ಕಾಯಿಲೆ ಗೊತ್ತು, ಯಾರೂ ಏನೂ ಅನ್ನುವವರಲ್ಲ. ಸೊಸೆ ನಸುಕಿನಲ್ಲೇ ರೊಟ್ಟಿ ಬಡಿದು ಡಬ್ಬಿ ತುಂಬಿ ಕೊಡುತ್ತಿದ್ದಳು. ಅಂಗಡಿಯೋ, ರಸ್ತೆಗೆ ಬಾಯಿ ತೆರೆದುಕೊಂಡದ್ದು. ಹಬ್ಬದ ಬಟ್ಟೆ ಹೊಲಿಸಲು ಬರುವವರೆಲ್ಲ ಉಪವಾಸದವರು, ಯಾರ ಕಣ್ಣಿಗೆ ಬಿದ್ದರೂ ಸುದ್ದಿ ಮೊಮ್ಮಗಳಿಗೆ ಮುಟ್ಟುತ್ತಿತ್ತು. ಡಬ್ಬಿ ಹಾಗೇ ಮನೆಗೆ ಹೋಗಿ, ಸೊಸೆಗೆ ಗೊತ್ತಾಗದಂತೆ ಅದರೊಳಗಿನ ರೊಟ್ಟಿ ಆಕಳಿನ ಬಾಯಿಗೆ ಹೋಗುತ್ತಿತ್ತು. ಈ ಮನುಷ್ಯ ಒಂದು ಮಗುವಿನ ಕಣ್ಣಿನಲ್ಲಿ ಸಣ್ಣವನಾಗುವುದಕ್ಕಿಂತ ಹೊಲಿಗೆ ಯಂತ್ರದ ಮೇಲೆ ಸಾಯುವುದೇ ವಾಸಿ ಎಂದುಕೊಂಡಿದ್ದಾನೆ ಎಂದು ನನಗೆ ಆಗ ಅರ್ಥವಾಯಿತು. ಸಿಟ್ಟು ಬಂತು.

ನನ್ನ ಕ್ಲಿನಿಕ್ಕಿನಲ್ಲಿ ರೋಗಿಯನ್ನು ಮಲಗಿಸಿ ನೋಡುವ ಮಂಚಕ್ಕೆ ಒಂದು ಹಸಿರು ಪರದೆ ಇದೆ. ಮಧ್ಯಾಹ್ನ ರೋಗಿಗಳು ಕರಗಿದ ಮೇಲೆ ಅದರ ಹಿಂದೆ ಬಂದು ಉಣ್ಣಿ ಎಂದೆ. ಮಾರನೇ ದಿನ ಬಂದರು. ಡಬ್ಬಿಗೆ ಸುತ್ತಿದ್ದದ್ದು ಈ ಪ್ಯಾಂಟಿನ ತುದಿಗಳ ಬಟ್ಟೆ. ಅವರು ಮಂಚದ ಮೇಲೆ ಬಟ್ಟೆ ಹರವಿದರು. ಏಕಾಂತ ಇರಲೆಂದು ನಾನು ಹೊರಗೆ ಬರುತ್ತಿದ್ದೆ.

"ಕೂಡ್ರಿ ಸಾಹೇಬ್ರ," ಎಂದರು.

"ನಾನು ಉಣ್ಣಂಗಿಲ್ಲಲ್ರಿ ಚಾಚಾ."

"ಅದಕ್ಕಽ ಕೂಡ್ರಿ ಅನ್ನಾಕತ್ತೀನಿ. ನೀವು ರೋಜಾದಾಗ ಅದೀರಿ. ನೀವು ಎದುರಿಗೆ ಕೂತ್ರ ನನಗೂ ಅರ್ಧ ರೋಜಾ ಸಿಕ್ಕಂಗ ಆಗ್ತೈತಿ."

ನಾನು ಸ್ಟೂಲು ಎಳೆದುಕೊಂಡು ಕೂತೆ. ಆ ತಿಂಗಳು ಪೂರ್ತಿ ಕೂತೆ. ನಂತರದ ರಂಜಾನುಗಳಲ್ಲೂ ಕೂತೆ. ಖಾಲಿ ಹೊಟ್ಟೆಯಲ್ಲಿ ಶೇಂಗಾ ಚಟ್ನಿಯ ವಾಸನೆ ಕುಡಿಯುತ್ತ ಕೂರುವುದು ಸಣ್ಣ ಮಾತಲ್ಲ, ಒಮ್ಮೆ ನನ್ನ ಹೊಟ್ಟೆ ಅವರಿಗೆ ಕೇಳುವಷ್ಟು ಗುರುಗುಟ್ಟಿ ಇಬ್ಬರೂ ನಕ್ಕಿದ್ದೆವು. ಹೆಚ್ಚಿಗೆ ಮಾತೇನೂ ಇರುತ್ತಿರಲಿಲ್ಲ. ಮಾನ್ವಿಯ ಕೆರೆ, ಸಿಂಧನೂರಿನ ಭತ್ತ, ಅವರ ತೀರಿಹೋದ ಹೆಂಡತಿ ಮಾಡುತ್ತಿದ್ದ ಪುಂಡಿಪಲ್ಯ. ಉಂಡ ಮೇಲೆ ಬಾಯಿ ಮುಕ್ಕಳಿಸಿ, ಮೀಸೆ ಒರೆಸಿ, "ವಾಸನಿ ಬರ್ತೈತೇನ್ರಿ?" ಎಂದು ಕೇಳಿಯೇ ಹೊರಡುತ್ತಿದ್ದರು. ಸಂಜೆ ಮನೆಯಲ್ಲಿ ಮೊಮ್ಮಗಳ ಪಕ್ಕ ಕೂತು ಖರ್ಜೂರ ಬಾಯಿಗಿಟ್ಟುಕೊಳ್ಳುವಾಗ ಅವಳು ಅಜ್ಜನ ಬೆನ್ನು ಸವರಿ, ಸುಸ್ತಾಯಿತೇ ಎನ್ನುತ್ತಿದ್ದಳಂತೆ. ಅದನ್ನು ಹೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಡಾಕ್ಟರನ ಹೊಟ್ಟೆಯಲ್ಲಿ ಊರಿನ ಗುಟ್ಟುಗಳೆಲ್ಲ ಇರುತ್ತವೆ. ಬಚ್ಚಿಟ್ಟ ಬಸಿರು, ಬಚ್ಚಿಟ್ಟ ಕುಡಿತ, ಹೆಂಡತಿಗೆ ಹೇಳದ ಗಡ್ಡೆ. ಒಬ್ಬ ಮನುಷ್ಯ ಹೊಟ್ಟೆ ತುಂಬ ಉಂಡ ಎಂಬ ಗುಟ್ಟನ್ನು ಕಾದಷ್ಟು ಜತನದಿಂದ ನಾನು ಬೇರೆ ಯಾವುದನ್ನೂ ಕಾಯಲಿಲ್ಲ.

ಆಮೇಲೆ ರಸ್ತೆ ಅಗಲವಾಯಿತು. ಅವರ ಅಂಗಡಿ ರಸ್ತೆಯ ಪಾಲಾಯಿತು, ನನ್ನದು ಒಂದು ಮೆಟ್ಟಿಲು ಕಳೆದುಕೊಂಡು ಉಳಿಯಿತು. ಮಗನಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಿ ಅವರೆಲ್ಲ ಶಂಶಾಬಾದಿಗೆ ಹೊರಟರು. ಹೋಗುವ ದಿನ ಚಾಚಾ ಈ ಬಟ್ಟೆಯನ್ನು ಮಡಿಸಿ ಮಂಚದ ಮೇಲಿಟ್ಟು, "ಇಲ್ಲೇ ಇರಲಿ ರೀ, ಬರ್ತೀನಲ್ಲ," ಎಂದರು.

ಬರಲಾಗಲಿಲ್ಲ. ಆದರೆ ಮುಂದಿನ ರಂಜಾನಿನಲ್ಲಿ, ಸರಿಯಾಗಿ ಆ ಹೊತ್ತಿಗೆ, ನನ್ನ ಮೊಬೈಲು ಹೊಡೆದುಕೊಂಡಿತು. ಹಿಂದೆ ಹೆದ್ದಾರಿಯ ಲಾರಿಗಳ ಸದ್ದು. ಪಂಕ್ಚರ್ ಅಂಗಡಿಯ ಹಿಂದೆ ಬೇವಿನ ಮರದಡಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು.

"ಕೂತೀರೇನ್ರಿ?" ಎಂದರು.

ನಾನು ಎದ್ದು ಹೋಗಿ ಪರದೆ ಎಳೆದು ಸ್ಟೂಲಿನ ಮೇಲೆ ಕೂತೆ. "ಕೂತೀನ್ರಿ."

ಅವರು ಉಂಡರು. ನಾನು ಕಿವಿಗೆ ಫೋನು ಹಿಡಿದು, ಲಾರಿಗಳ ನಡುವೆ ಅವರು ರೊಟ್ಟಿ ಅಗಿಯುವುದನ್ನು ಕೇಳಿದೆ. ಆ ರಂಜಾನು ಹಾಗೇ ಕಳೆಯಿತು, ಅದರ ಮುಂದಿನದೂ. ಅದರ ನಂತರದ ವರ್ಷ ಮೊದಲ ರೋಜಾದ ದಿನ ಫೋನು ಬರಲಿಲ್ಲ. ಮಾರನೇ ದಿನವೂ ಸ್ಟೂಲಿನ ಮೇಲೆ ಕೂತು ಕಾದೆ. ಕೊನೆಗೆ ನಾನೇ ಮಾಡಿದೆ. ಸೊಸೆ ಎತ್ತಿದಳು. "ಅಬ್ಬಾ ಗುಜರ್ ಗಯೇ, ಡಾಕ್ಟರ್ ಸಾಬ್." ಚಳಿಗಾಲದಲ್ಲೇ ತೀರಿಕೊಂಡಿದ್ದರು. ಕಿಡ್ನಿ ಸೋತಿತ್ತು. ಮೊಮ್ಮಗಳು ಹೇಗಿದ್ದಾಳೆ ಎಂದು ಕೇಳಿದೆ. ಅವಳಿಗೆ ಈಗ ರೋಜಾ ಎಂದರೆ ಬಹಳ ಹುಮ್ಮಸ್ಸು, ನಮ್ಮ ದಾದಾ ಕಾಯಿಲೆಯಲ್ಲೂ ಒಂದು ರೋಜಾ ಬಿಡಲಿಲ್ಲ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬರುತ್ತಾಳೆ ಎಂದಳು. ಫೋನು ಇಟ್ಟ ಮೇಲೆ ನಾನು ಪರದೆಯ ಹಿಂದೆಯೇ ಕೂತು ಅತ್ತೆ. ಆ ಸಂತೋಷದ ಸುದ್ದಿಯನ್ನು ನಾನು ಹೇಳಬಹುದಾಗಿದ್ದದ್ದು ಚಾಚಾ ಒಬ್ಬರಿಗೇ.

ಹೋದ ವರ್ಷ ನನ್ನ ಹೃದಯಕ್ಕೆ ಎರಡು ಸ್ಟೆಂಟು ಬಿದ್ದವು, ಸಕ್ಕರೆಯೂ ಜೊತೆಗಿದೆ. ದೊಡ್ಡ ಆಸ್ಪತ್ರೆಯಲ್ಲಿ ನನ್ನ ಮಗಳ ವಯಸ್ಸಿನ ಡಾಕ್ಟರು ಇನ್ನು ರೋಜಾ ಬೇಡ ಎಂದಳು. ನಾನು ಇಷ್ಟು ಕಾಲ ಹೇಳಿದ ಮಾತೇ, ನನಗಿಂತ ಮೆತ್ತಗೆ ಹೇಳಿದಳು. ನಾನು ತಲೆಯಾಡಿಸಿದೆ.

ಈಗ ರಂಜಾನು. ನನ್ನ ಹೆಂಡತಿ ಉಪವಾಸವಿದ್ದು ನನಗೆ ಡಬ್ಬಿ ಕಟ್ಟುತ್ತಾಳೆ. ಕೆಳಗಿನ ಮನೆಯ ಮುದುಕಿ ಬೆಳಗ್ಗೆ ಬಿ.ಪಿ. ತೋರಿಸಲು ಬಂದು, ಸಂಜೆಗಿರಲೆಂದು ನಾಲ್ಕು ಖರ್ಜೂರ ಕೊಟ್ಟು, ರೋಜಾ ತಾನೇ ಎಂದು ಕೇಳಿದಳು. ಹೌದು ಎಂದೆ. ಎಷ್ಟು ಸಲೀಸಾಗಿ ಬಂತು ಆ ಹೌದು...

ಮಧ್ಯಾಹ್ನ ಪರದೆ ಎಳೆದು, ಮಂಚದ ಮೇಲೆ ಚಾಚಾರ ಬಟ್ಟೆ ಹರವಿ, ಡಬ್ಬಿ ಬಿಚ್ಚಿದೆ. ಎದುರಿಗೆ ಸ್ಟೂಲು ಖಾಲಿ ಇತ್ತು. ಅವರಿಗೆ ಅರ್ಧ ರೋಜಾ ಆದರೂ ಸಿಗುತ್ತಿತ್ತು. ನನಗೆ ಅದನ್ನು ಕೊಡುವವರು ಈ ಊರಿನಲ್ಲಿ ಯಾರೂ ಇಲ್ಲ. ರೊಟ್ಟಿ ಮುರಿಯುವ ಮುಂಚೆ ಬಾಯಿಗೆ ತಾನಾಗಿ ಬಂತು, "ಕೂತೀರೇನ್ರಿ?"

ಪರದೆಯಾಚೆಯಿಂದ ಚೀಟಿ ಬರೆಯುವ ಹುಡುಗಿ, "ಪಿಲಿಚಾರಾ ಸಾರ್?" ಎಂದಳು. ಕರೆದೆನೆಂದುಕೊಂಡಿದ್ದಳು, ಪಾಪ, ತೆಲುಗಿನವಳು.

ಇಲ್ಲಮ್ಮ, ಯಾರನ್ನೂ ಕರೆಯಲಿಲ್ಲ ಎಂದೆ.