ನಮ್ಮ ಯಜಮಾನರ ಚಳಿ

ನಮ್ಮ ಯಜಮಾನರ ಹೆಸರು ಸಿದ್ದರಾಜು. ಊರಿನಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಚಳಿರಾಜು ಅನ್ನಬೇಕು. ಒಂದು ಸಲ ಮದುವೆ ಕಾಗದದ ಮೇಲೆ ‘ಶ್ರೀ ಚಳಿರಾಜುರವರಿಗೆ’ ಎಂದೇ ಬರೆದು ಕೊಟ್ಟಿದ್ದರು. ಇವರು ಆ ಕಾಗದ ಜೇಬಿನಲ್ಲಿಟ್ಟುಕೊಂಡು ಹೋಗಿ ಉಂಡು ಬಂದರು.

ವೈದ್ಯನಾಥಪುರದ ಹತ್ತಿರ, ಶಿಂಷಾ ಹೊಳೆ ಪಕ್ಕ ನಮ್ಮೂರು. ಬೇರೆ ದೇಶದಲ್ಲಿ ಹಿಮ ಬೀಳುವುದನ್ನು ಟಿವಿಯಲ್ಲಿ ನೋಡಿದ್ದೇನೆ. ನಮ್ಮಲ್ಲಿ ಬೀಳುವುದು ಇಬ್ಬನಿ. ಅಷ್ಟಕ್ಕೇ ನಮ್ಮ ಯಜಮಾನರು ದೀಪಾವಳಿ ಮಾರನೆಯ ದಿನ ಎರಡು ಸ್ವೆಟರು, ಮಂಕಿ ಟೋಪಿ, ಕಾಲುಚೀಲ ಹಾಕಿದರೆ ಶಿವರಾತ್ರಿಗೆ ಬಿಚ್ಚುತ್ತಿದ್ದರು. ಮೊಪೆಡ್ ಓಡಿಸುವಾಗ ಮಗಳ ಸ್ಕೂಲಿನ ಹಳೆಯ ಕಾಲುಚೀಲ ಕೈಗೆ ಹಾಕುತ್ತಿದ್ದರು. ಸ್ನಾನ ಮಧ್ಯಾಹ್ನ ಹನ್ನೆರಡಕ್ಕೆ, ಹಂಡೆ ನೀರು ಕುದಿದ ಮೇಲೆ. ತಟ್ಟೆಗೆ ಮುದ್ದೆ ಹಾಕಿದರೆ ಮೊದಲು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದರು. ತಿನ್ನುವುದು ಆಮೇಲೆ. ಅಷ್ಟು ಹೊತ್ತಿಗೆ ಸಾರು ಆರಿರುತ್ತಿತ್ತು. ಅದನ್ನು ಮತ್ತೆ ಕಾಯಿಸಿ ಕೊಡಲು ನಾನಿದ್ದೆನಲ್ಲ.

ತಮಾಷೆಗೆ ಹೇಳುತ್ತಿಲ್ಲ. ಚಳಿಗಾಲದ ಬೆಳಗ್ಗೆ ತಣ್ಣೀರು ಮುಟ್ಟಿದರೆ ಅವರ ಬೆರಳು ಬೆಳ್ಳಗಾಗುತ್ತಿತ್ತು. ಸುಣ್ಣ ಬಳಿದ ಹಾಗೆ. ಆಮೇಲೆ ನೀಲಿ. ಆಮೇಲೆ ಕೆಂಪು. ಕೆಂಪಾಗುವಾಗ ನೋವು, ಕಣ್ಣಲ್ಲಿ ನೀರು ಬರುವಂಥ ನೋವು. ಗಂಡಸು ಅಳಬಾರದು ಎಂದು ಊರಿನವರು ಬುದ್ಧಿ ಹೇಳುತ್ತಿದ್ದರು. ಊರಿನವರ ಬೆರಳು ಬೆಚ್ಚಗಿತ್ತು.

ಬೆಳಗಿನ ಜಾವ ಗದ್ದೆಗೆ ನೀರು ಕಟ್ಟಲು ನಾನೇ ಹೋಗುತ್ತಿದ್ದೆ. ನನಗೆ ಚಳಿಯಾಗುತ್ತದಾ ಎಂದು ಯಾರೂ ಕೇಳಲಿಲ್ಲ. ಹೆಂಗಸರಿಗೆ ಆಗುವುದಿಲ್ಲವಂತೆ. ಇವರು ಮನೆಯಲ್ಲಿ ಸುಮ್ಮನೆ ಕೂತಿರುತ್ತಿರಲಿಲ್ಲ, ಆಲೆಮನೆಗೆ ಹೋಗುತ್ತಿದ್ದರು. ಕಬ್ಬಿನ ಹಾಲು ಕಾಯುವ ಕೊಪ್ಪರಿಗೆ ಕೆಳಗೆ ಒಲೆಯ ಬಾಯಿ ಇರುತ್ತದೆ. ಅಲ್ಲಿ ಕೂತು ಒಣಗಿದ ಕಬ್ಬಿನ ಸಿಪ್ಪೆ ತುರುಕುವ ಕೆಲಸ ಯಾರಿಗೂ ಬೇಡ, ಮುಖ ಬೇಯುತ್ತದೆ. ಇವರು ಅದನ್ನು ಕೇಳಿ ಪಡೆದುಕೊಂಡರು. ಹದಿನೈದು ವರ್ಷ ಆ ಒಲೆ ಮುಂದೆ ದೇವರ ಮುಂದೆ ಕೂತ ಹಾಗೆ ಕೂತರು. ಊರಿನವರು ಅದನ್ನೂ ಸೋಮಾರಿತನ ಅಂದರು.

ಸೋಮಾರಿ ಅಂದರೆ ಸಹಿಸುತ್ತಿದ್ದರು. ಇನ್ನೊಂದು ಮಾತು ಅಂದರೆ ಸಹಿಸುತ್ತಿರಲಿಲ್ಲ. ಅದು ತೊನ್ನು.

ಬೆಳ್ಳಗಾದ ಬೆರಳು ನೋಡಿ ಯಾರೋ ಅಂದದ್ದು ಊರೆಲ್ಲ ಹಬ್ಬಿತು. ತೊನ್ನು ಬಂದರೆ ಹೋಗುವುದಿಲ್ಲ ಎಂದು ನಾನು ಕೇಳಿದ್ದೆ. ನಮ್ಮ ಮನೆಯದು ಬೆಳಗ್ಗೆ ಆರಕ್ಕೆ ಬಂದು ಹನ್ನೊಂದು ಗಂಟೆ ಬಸ್ಸಿಗೆ ವಾಪಸು ಹೋಗುತ್ತಿತ್ತು. ಅದನ್ನು ಕೇಳುವಷ್ಟು ಬಿಡುವು ಯಾರಿಗೂ ಇರಲಿಲ್ಲ.

ಮಗಳು ಅನುವನ್ನು ನೋಡಲು ಬಸರಾಳು ಕಡೆಯ ಗಂಡು ಬಂತು. ಡಿಸೆಂಬರ್ ತಿಂಗಳು, ಬೆಳಗ್ಗೆ ಎಂಟು ಗಂಟೆ. ಇವರು ಮರ್ಯಾದೆಗೆಂದು ಸ್ವೆಟರ್ ಬಿಚ್ಚಿ, ಬಿಳಿ ಅಂಗಿ ಹಾಕಿ, ಅವರ ಕಾಲಿಗೆ ತಾವೇ ನೀರು ಕೊಟ್ಟರು. ಚೊಂಬು ಹಿಡಿದ ಬೆರಳನ್ನು ಬೀಗರು ನೋಡಿದರು. ಉಪ್ಪಿಟ್ಟು ಪೂರ್ತಿ ತಿಂದು ಹೋಗಿ, ಸಂಜೆ ದಲ್ಲಾಳಿ ಕೈಯಲ್ಲಿ ಹೇಳಿಕಳಿಸಿದರು: ‘ತೊನ್ನಿನ ಮನೆ ನಮಗೆ ಬ್ಯಾಡ.’

ಮಾರನೆಯ ದಿನವೇ ಮಂಡ್ಯಕ್ಕೆ ಹೋದೆವು. ಡಾಕ್ಟರು ಕೈಯನ್ನು ತಣ್ಣೀರಿನಲ್ಲಿ ಅದ್ದಿಸಿ ನೋಡಿ, ಇದು ತೊನ್ನಲ್ಲ, ಚಳಿಗೆ ಬೆರಳಿನ ರಕ್ತನಾಳ ಮುದುರಿಕೊಳ್ಳುತ್ತದೆ, ಇದಕ್ಕೆ ರೇನೋ ಎನ್ನುತ್ತಾರೆ ಅಂದರು. ಬೀಡಿ ಬಿಡಿ, ಕೈ ಬೆಚ್ಚಗಿಡಿ, ಆದರೆ ಬೆಂಕಿಗೆ ಹಿಡಿಯಬೇಡಿ, ಮರಗಟ್ಟಿದ ಬೆರಳು ಸುಟ್ಟರೂ ಗೊತ್ತಾಗುವುದಿಲ್ಲ ಅಂದರು. ಇವರು ಆಚೆ ಬಂದು ನನಗೆ ಹೇಳಿದರು:

“ಡಾಕ್ಟ್ರಿಗೂ ಗೊತ್ತಾಗ್ನಿಲ್ಲ ಕಣಮ್ಮಿ. ಏನೋ ಅಂದ್ರಲ್ಲ.”

“ಏನೋ ಅಲ್ಲ. ರೇನೋ.”

“ಏನೋ ಒಂದು. ಬೀಡಿ ಬುಡು ಅನ್ನದು ಮಾತ್ರ ಎಲ್ರಿಗೂ ಗೊತ್ತು.”

ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ ಜೇಬಿನಲ್ಲಿಟ್ಟುಕೊಂಡು ಊರಿಗೆಲ್ಲ ತೋರಿಸಿದರು. ಪೂರ್ತಿ ಇಂಗ್ಲಿಷಿನಲ್ಲಿತ್ತು. ನೋಡಿದವರೆಲ್ಲ ತಲೆಕೆಳಗಾಗಿ ಹಿಡಿದುಕೊಂಡು, ‘ಊಂ, ಸರ್ಯಾಗೇ ಅದೆ’ ಅಂದರು. ಎರಡನೆಯ ಗಂಡನ್ನು ನಾವು ಮೇ ತಿಂಗಳಲ್ಲಿ ಕರೆಸಿದೆವು. ಮಂಡ್ಯದ ಗುತ್ತಲಿನ ಯತೀಶ್. ಮದುವೆ ಆಯಿತು.

ಮೂರು ವರ್ಷದ ಹಿಂದೆ ಮಾಘದಲ್ಲಿ ನಮ್ಮತ್ತೆ ಸಣ್ಣತಾಯಮ್ಮ ತೀರಿಕೊಂಡರು. ನಮ್ಮ ವಂಶದಲ್ಲಿ ಸುಡುವುದಿಲ್ಲ, ಹೊಳೆ ಪಕ್ಕದ ಸ್ವಂತ ಜಮೀನಿನಲ್ಲೇ ಹೂಳುವುದು. ಮಗನಾದವನು ಗುಂಡಿಗೆ ಮೂರು ಹಿಡಿ ಮಣ್ಣು ಹಾಕಬೇಕು. ಹಾಕಿ ಬಂದವರ ಬೆರಳು ಬಿಳಿಚಿ ಹೋಗಿತ್ತು. ನಾನು ಬಿಸಿನೀರಿನ ಬೋಗುಣಿಯಲ್ಲಿ ಅವರ ಕೈ ಇಟ್ಟೆ. ಆಗ ಹೇಳಿದರು:

“ಅಮ್ಮಿ, ನನ್ನ ಮಾತ್ರ ಮಣ್ಣಿಗಿಕ್ಬ್ಯಾಡ ಕಣಮ್ಮಿ. ಸುಡ್ಸ್‌ಬುಡು.”

“ನಿಮ್ಮಣ್ಣಯ್ಯ ಬುಟ್ಟಾರಾ?”

“ಅದು ನಿಂಗೆ ಬುಟ್ಟಿದ್ದು. ನಾನು ಅಷ್ಟೊತ್ಗೆ ಸತ್ತೋಗಿರ್ತೀನಿ.”

ಊಂ ಅಂದೆ. ಮೂವತ್ತು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಬಿಸಿನೀರು, ಬಿಸಿಮುದ್ದೆ, ಇದು. ಇದಕ್ಕೆ ಇಲ್ಲ ಎನ್ನುವುದು ಹೇಗೆ.

ಹೋದ ವರ್ಷ ಜನವರಿಯಲ್ಲಿ ಹೋದರು. ಚಳಿಗೆ ಸತ್ತರು ಎಂದು ಬರೆದರೆ ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಹಿತ್ತಿಲಲ್ಲಿ ಬಿಸಿಲು ಕಾಯಿಸುತ್ತ ಕೂತವರು ಎದೆ ಹಿಡಿದುಕೊಂಡರು. ಕಾಫಿ ಬಿಸಿ ಮಾಡಿ ತರುವುದರಲ್ಲಿ ಮುಗಿದಿತ್ತು. ಮೈ ಇನ್ನೂ ಬೆಚ್ಚಗಿತ್ತು. ಅಷ್ಟು ಬೆಚ್ಚಗೆ ಅವರನ್ನು ನಾನು ಜನವರಿಯಲ್ಲಿ ಮುಟ್ಟಿಯೇ ಇರಲಿಲ್ಲ.

ಮಾರನೆಯ ಬೆಳಗ್ಗೆ ಅಂಗಳದಲ್ಲಿ ಮಲಗಿಸಿದ್ದರು. ಹೊದಿಕೆ ಒಂದೇ ಒಂದು ಬಿಳಿ ಪಂಚೆ. ಅನು, ಯತೀಶ್, ಅವನ ತಾಯಿ ಗುತ್ತಲಿನಿಂದ ಬಂದಿದ್ದರು. ಗುಂಡಿ ತೋಡಲು ಜಮೀನಿಗೆ ಆಳು ಹೋಗಿತ್ತು. ನಾನು ಎದ್ದು ಇವರ ಅಣ್ಣ ಪುಟ್ಟಮಾದಯ್ಯನವರ ಹತ್ತಿರ ಹೋದೆ.

“ಬಾವ, ಅವ್ರು ಸುಡಿ ಅಂದಿದ್ರು.”

“ಸತ್ತೋರು ಏಳ್ದಂಗೆಲ್ಲ ಮಾಡಕ್ಕಾಯ್ತದಾ? ನಮ್ ವಂಸ್ದಲ್ಲಿ ಸುಟ್ಟೋರಿಲ್ಲ ಕಣಮ್ಮ.”

“ಮಣ್ಣು ತಣ್ಣಗದೆ ಬಾವ.”

“ಎಣಕ್ಕೂ ಚಳಿಯಾ?”

ಸುತ್ತ ನಿಂತವರು ನಕ್ಕರು. ಸಾವಿನ ಮನೆ ಎಂದು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು, ಅಷ್ಟು ಮರ್ಯಾದೆ ಇದೆ ನಮ್ಮೂರಲ್ಲಿ.

“ಬದ್ಕಿದ್ದಾಗ್ಲೂ ಇಂಗೇ ಕೇಳ್ತಿದ್ರಿ” ಅಂದೆ.

ಅಷ್ಟರಲ್ಲಿ ಗುಂಡಿ ತೋಡುತ್ತಿದ್ದವನು ಕೆಸರು ಕಾಲಿನಲ್ಲಿ ಬಂದ. “ಅಣ್ಣೋ, ಎರಡಡಿಗೇ ನೀರು ಜಿನುಗ್ತಾ ಅದೆ. ಮೊಣಕಾಲ್ಗಂಟ ನಿಂತದೆ.”

“ನಿಂತ್ಕಳ್ಳಿ ಬುಡ್ಲಾ. ಒಂದು ಬಕೀಟ್ ತಗಂಡು ಮೊಗಿ. ಉಪ್ಪು ಎರಡು ಚೀಲ ಜಾಸ್ತಿ ಆಕುವ.”

ನಾನು ಯಜಮಾನರ ಪಕ್ಕ ಬಂದು ಕೂತೆ. ಹೆಂಡತಿ ಮಾತಿಗೆ ಸಾವಿನ ಮನೆಯಲ್ಲಿ ಎಷ್ಟು ಬೆಲೆ ಎಂದು ಹೆಂಡತಿಯರಿಗೆ ಗೊತ್ತು. ಅಳುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ಆಗ ಊರ ಹಿರಿಯ ಮರಿಸಿದ್ದಯ್ಯ ಹಾರ ಹಾಕಲು ಬಂದರು. ಎದೆ ಮೇಲೆ ಜೋಡಿಸಿ ಕಟ್ಟಿದ್ದ ಕೈ ನೋಡಿದರು. ಬೆರಳು ಬೆಳ್ಳಗಿದ್ದವು. ಸತ್ತವರ ಬೆರಳು ಇನ್ನು ಯಾವ ಬಣ್ಣಕ್ಕೆ ಇರುತ್ತವೆ. ಅವರು ನನ್ನ ಹತ್ತಿರ ಬಗ್ಗಿದರು.

“ಮೀನಾಕ್ಷಮ್ಮ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಇದು ಅದೇ ಅಲ್ವಾ?”

“ಯಾವ್ದು?”

“ಅದೇ ಕಣಮ್ಮ. ತೊನ್ನು. ಇದ್ರೆ ಏಳ್ಬುಡು. ಊರಿನ್ ವಿಸ್ಯ ಇದು.”

ಊರಿನ ವಿಷಯ ಏನೆಂದರೆ, ತೊನ್ನು ಇದ್ದವರನ್ನು ನಮ್ಮ ಕಡೆ ಹೂಳುವುದಿಲ್ಲ. ಹೂಳಿದರೆ ಮಳೆ ಹೋಗುತ್ತದೆ ಎಂದು ನಂಬುತ್ತಾರೆ. ಯಾವ ವಂಶವಾದರೂ ಸರಿ, ಅವರನ್ನು ಸುಡಲೇಬೇಕು.

ಮೂವತ್ತು ವರ್ಷ ‘ಅಲ್ಲ, ಅಲ್ಲ’ ಎಂದು ಹೇಳಿದ್ದೆ. ಬಾವಿ ಹತ್ತಿರ ಹೇಳಿದ್ದೆ, ಡೈರಿ ಹತ್ತಿರ ಹೇಳಿದ್ದೆ, ಅದಕ್ಕಾಗಿ ಒಂದು ಸಲ ಒಬ್ಬಳ ಜುಟ್ಟು ಹಿಡಿದಿದ್ದೆ. ಡಾಕ್ಟರ ಚೀಟಿ ಒಳಗೆ ಪೆಟ್ಟಿಗೆಯಲ್ಲಿತ್ತು. ತಂದು ಮುಖಕ್ಕೆ ಹಿಡಿದರೆ ಇವರ ಹೆಸರು ಉಳಿಯುತ್ತಿತ್ತು, ಇವರು ನೀರಿನ ಗುಂಡಿಗೆ ಹೋಗುತ್ತಿದ್ದರು. ತೊನ್ನು ಎಂದರೆ ಬೆಂಕಿ ಸಿಗುತ್ತಿತ್ತು. ಜೊತೆಗೆ ಅವರು ಜೀವಮಾನವೆಲ್ಲ ದ್ವೇಷಿಸಿದ ಮಾತು ಅವರ ಹೆಂಡತಿ ಬಾಯಲ್ಲೇ, ಅವರ ತಲೆ ಹತ್ತಿರವೇ.

ಅನು ಪಕ್ಕದಲ್ಲಿ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಅತ್ತೆ ಆರಡಿ ಆಚೆ ಕುರ್ಚಿ ಮೇಲೆ ಇದ್ದರು.

“ನಿಮ್ಮತ್ತೆ ಕೇಳುಸ್ಕತ್ತದೆ ಕಣವ್ವ” ಎಂದು ಮೆಲ್ಲಗೆ ಅಂದೆ.

“ಕೇಳುಸ್ಕಳ್ಳಿ ಬುಡವ್ವ” ಅಂದಳು. “ಗುಂಡೀಲಿ ನೀರದಂತೆ.”

ನಾನು ಮರಿಸಿದ್ದಯ್ಯನವರ ಕಡೆ ತಿರುಗಿದೆ. “ಊಂ ಕಣಪ್ಪ. ಅದೇ. ತೊನ್ನೇ.”

ಬಾವ ಓಡಿಬಂದರು. “ಇಷ್ಟ್ ವರ್ಸ ಅಲ್ಲ ಅಂತಿದ್ದೆ?”

“ಮರ್ವಾದೆಗೆ ಅಂಜಿ ಅಂದಿದ್ದೆ ಬಾವ.”

“ನಂಗೆ ಮೊದ್ಲೇ ಗೊತ್ತಿತ್ತು” ಅಂದರು. ಎಲ್ಲರಿಗೂ ಮೊದಲೇ ಗೊತ್ತಿತ್ತು. ಒಬ್ಬರೂ ಬಿಡದೆ ಹಾಗೇ ಅಂದರು.

ಆಮೇಲೆ ನೋಡಬೇಕಿತ್ತು ನಮ್ಮೂರಿನವರ ಒಗ್ಗಟ್ಟು. ಮೂವತ್ತು ಚಳಿಗಾಲದಲ್ಲಿ ಹಂಡೆ ಒಲೆಗೆಂದು ಒಂದು ಕಟ್ಟಿಗೆ ತುಂಡು ಕೊಡದ ಜನ ಅರ್ಧ ಗಂಟೆಯಲ್ಲಿ ಒಂದು ಟ್ರ್ಯಾಕ್ಟರ್ ಸೌದೆ ತಂದರು. ಹುಣಸೆ, ಮಾವು, ಒಬ್ಬರು ಮನೆ ಬಾಗಿಲ ಹಳೆಯ ದಾರಂದವನ್ನೂ ಕೊಟ್ಟರು. ಗುಂಡಿಯನ್ನು ಓಡಿಹೋಗಿ ಮುಚ್ಚಿದರು. ವಂಶದ ಮಾತು ಯಾರೂ ಎತ್ತಲಿಲ್ಲ. ಮಳೆ ಮುಂದೆ ವಂಶ ಯಾವ ಲೆಕ್ಕ.

ಹೆಂಗಸರು ಅಲ್ಲಿಗೆ ಹೋಗಬಾರದು, ಹೋಗಲಿಲ್ಲ. ಮಧ್ಯಾಹ್ನ ಯತೀಶ್ ಬಂದು ತಲೆ ತಗ್ಗಿಸಿ ಹೇಳಿದ: “ಸೌದೆ ಹತ್ಕಳಕ್ಕೆ ಒಂದು ಗಂಟೆ ಆಯ್ತು ಅತ್ತೆ. ಆಮೇಲೆ ಚೆನ್ನಾಗಿ ಉರೀತು.”

“ಅವ್ರು ದಿನಾ ಆಸ್ಗೆ ಬುಟ್ಟು ಏಳ್ತಿದ್ದುದೂ ಅಂಗೇ ಕಣಪ್ಪ” ಅಂದೆ. ಆಗ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ.

ಬೂದಿಯನ್ನು ಶಿಂಷೆಗೆ ಬಿಡಬೇಕು ಅಂದರು. ಅದಕ್ಕೂ ಜಗಳ ಮಾಡುವ ಶಕ್ತಿ ನನಗಿರಲಿಲ್ಲ. ಬಿಸಿಲೇರಿದ ಮೇಲೆ ಬಿಡು ಎಂದು ಯತೀಶನಿಗೆ ಹೇಳಿದೆ. ಹಾಗೇ ಮಾಡಿದ, ಒಳ್ಳೆಯ ಹುಡುಗ.

ಆ ವರ್ಷ ಮುಂಗಾರು ಚೆನ್ನಾಗಿ ಆಯಿತು. ಸರಿಯಾದ ಸಮಯಕ್ಕೆ ಸುಟ್ಟೆವು, ಅದಕ್ಕೇ ಮಳೆ ಬಂತು ಎಂದು ಮರಿಸಿದ್ದಯ್ಯ ಟೀ ಅಂಗಡಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಬದುಕಿದ್ದಾಗ ಒಂದು ಕೆಲಸಕ್ಕೂ ಬಾರದವನು ಎನಿಸಿಕೊಂಡಿದ್ದ ಚಳಿರಾಜು, ಸತ್ತು ಮೂರು ಹಳ್ಳಿಗೆ ಮಳೆ ತರಿಸಿದರು.

ಗುತ್ತಲಿನಲ್ಲಿ ಬೀಗಿತಿಯವರು ಮೊಮ್ಮಗಳ ಕೈಕಾಲನ್ನು ದಿನಾ ಬೆಳಕಿಗೆ ಹಿಡಿದು ನೋಡುತ್ತಾರಂತೆ. ಅಷ್ಟು ಶ್ರದ್ಧೆಯಿಂದ ಮಗುವನ್ನು ನೋಡಿಕೊಳ್ಳುವ ಅಜ್ಜಿ ಸಿಗುವುದಿಲ್ಲ. ಅನು ಒಂದು ವರ್ಷ ಸುಮ್ಮನಿದ್ದಳು. ಈ ಸಲ ತಿಥಿಗೆ ಬಂದಾಗ ಹೇಳಿದಳು: “ಅವ್ವ, ಇದ್ದದ್ದನ್ನ ಬರ್ದ್‌ಬುಡು. ನಾ ಎಲ್ರಿಗೂ ಓದಿ ಏಳ್ತೀನಿ.”

ಬರೆದಿದ್ದೇನೆ. ಅದು ತೊನ್ನಲ್ಲ. ತೊನ್ನೇ ಆಗಿದ್ದರೂ ಮಳೆಗೂ ಅದಕ್ಕೂ ಸಂಬಂಧವಿರಲಿಲ್ಲ, ನನಗೂ ಅವರ ಮೇಲೆ ಬೇಸರವಿರುತ್ತಿರಲಿಲ್ಲ. ಅದು ಚಳಿ. ನಾನು ಸುಳ್ಳು ಹೇಳಿ ನಿಮ್ಮ ಸೌದೆಯಲ್ಲಿ, ನಿಮ್ಮ ಕೈಯಲ್ಲೇ ಅವರನ್ನು ಸುಡಿಸಿದೆ. ಬಾವ ಇದನ್ನು ಕೇಳಿ ಕೂಗಾಡುತ್ತಾರೆ, ವಂಶದ ಕಟ್ಟಳೆ ಮುರಿದಳು ಎನ್ನುತ್ತಾರೆ. ಮುರಿದಿದ್ದೇನೆ. ಬೇಕಿದ್ದರೆ ಗುಂಡಿ ಮತ್ತೆ ತೋಡಿಸಿ ಬಾವ. ಹಾಕುವುದಕ್ಕೆ ಏನೂ ಇಲ್ಲ.